ಕೂಸಿಗೆ ಕೈ ತಿರುವಲು ಕಲಿಸಿದವರು

ನವನಗರದ ಮನೆಯ ಪಡಸಾಲೆಯಲ್ಲಿ ಅವತ್ತು ಇದ್ದವರು ನಾನು, ನಮ್ಮ ಅತ್ತೆ, ಐದು ವರ್ಷದ ಮಗ, ಒಂಬತ್ತು ತಿಂಗಳ ಮಗಳು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಗನಿಗೆ ಆಟಿಸಂ ಅಂತ ಡಾಕ್ಟರು ಹೇಳಿ ವರ್ಷವಾಗಿತ್ತು. ಅವನು ಕಿಟಕಿಯ ಬೆಳಕಿಗೆ ಎರಡೂ ಕೈ ಎತ್ತಿ, ತಿರುವುತ್ತ ನಿಂತಿದ್ದ. ಕರೆದರೆ ತಿರುಗಿ ನೋಡುವವನಲ್ಲ.

ಕೂಸಿನ ಮೇಲೂ ನನಗೆ ಹುಟ್ಟಿದಾಗಿನಿಂದ ಗುಮಾನಿ. ಹೆಸರು ಹಿಡಿದು ಕರೆಯುವುದು, ತಿರುಗಿ ನೋಡಿದರೆ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುವುದು, ಬೆನ್ನ ಹಿಂದೆ ತಾಟು ಬೀಳಿಸುವುದು. "ಕೂಸಿನ ಜೋಡಿ ಆಡಾಕತ್ತೀಯೋ, ಪರೀಕ್ಷಾ ತಗೋಳಾಕತ್ತೀಯೋ?" ಅಂತ ಅತ್ತೆ ಹಂಗಿಸುತ್ತಿದ್ದರು.

ನಮ್ಮ ಕಡೆ ಎಲ್ಲ ಕೂಸುಗಳಿಗೂ ಕೈ ತಿರುವುವ ಆಟ ಕಲಿಸುತ್ತಾರೆ. ಅದೊಂದು ಬ್ಯಾಡ್ರಿ ಅಂತ ಅತ್ತೆಯಿಂದ ಮಾತು ತಗೊಂಡಿದ್ದೆ. ಅಣ್ಣನ ಹಾಗೆ ತಾನಾಗೇ ತಿರುವಿದರೆ ನನಗೆ ಗೊತ್ತಾಗಬೇಕಲ್ಲ!

ಅವತ್ತು ಕೂಸು ತಿರುವಿತು.

"ಅತ್ತೀ, ನೀವು ಕಲಿಸೀರೇನ್ರಿ?"

"ನಾ ಯಾಕ ಕಲಿಸಲೇ ಯವ್ವಾ?" ಅವರು ಮುಖ ಎತ್ತದೆ ಮೊರದಲ್ಲಿನ ಜೋಳ ಹಸನು ಮಾಡಿದರು.

ಸೋಮವಾರಕ್ಕೆ ಡಾಕ್ಟರ ಹತ್ತಿರ ಹೆಸರು ಬರೆಸಿದೆ.

ಶನಿವಾರ ಮಗನನ್ನು ಧಾರವಾಡದ ತರಬೇತಿಗೆ ಕರೆದೊಯ್ದರೆ ಅಲ್ಲಿ ರಜೆ. ಬೇಗ ಮನೆಗೆ ಬಂದೆ. ಪಡಸಾಲೆಯಲ್ಲಿ ಅತ್ತೆ ಕೂಸಿನೆದುರು ಕೂತು ಕೈ ತಿರುವುತ್ತಿದ್ದರು. ಅವರು ನಿಲ್ಲಿಸಿದರೆ ಕೂಸು ತಿರುವುತ್ತಿತ್ತು.

"ಸುಳ್ಳ್ಯಾಕ ಹೇಳಿದ್ರಿ? ನಾಲ್ಕು ದಿನ ಅನ್ನ ಸೇರಿಲ್ಲ ನನಗ."

"ನೀ ಬೈತಿ ಅಂತ, ನಮ್ಮವ್ವ. ಖರೇ ಹೇಳು, ಕೂಸಿನ ಜೋಡಿ ಯಾರರೆ ಆಡಬೇಕಲ್ಲ?"

ಸಿಟ್ಟಿನಲ್ಲೇ ಕೂಸನ್ನು ಎತ್ತಿಕೊಂಡೆ. ಹಗುರವೂ ಅನಿಸಲಿಲ್ಲ. ಇನ್ನು ಇದರಲ್ಲಿ ಕಲಿತದ್ದೆಷ್ಟು, ತಾನಾಗೇ ಬಂದದ್ದೆಷ್ಟು, ಯಾರು ಹೇಳಬೇಕು?

ಸೋಮವಾರ ಅತ್ತೆಯನ್ನೂ ಜೊತೆಗೆ ಹೊರಡಿಸಿದೆ. ಬಸ್ಸಿನಲ್ಲಿ ಕಂಡಕ್ಟರು ಎದುರು ಬಂದು ನಿಂತಾಗ ಕೂಸು ಅವನ ಮುಖ ನೋಡಿ ಕೈ ತಿರುವಿತು. ತಿರುವಿ, ನಿಲ್ಲಿಸಿ, ಕಾಯಿತು. ಅವನು ಟಿಕೆಟಿನ ಕಟ್ಟನ್ನು ಕಂಕುಳಲ್ಲಿ ಸಿಗಿಸಿ ಎರಡೂ ಕೈ ತಿರುವಿದ. ಕೂಸು ಕೇಕೆ ಹಾಕಿತು. ಅತ್ತೆ ನನ್ನ ಕಡೆ ನೋಡಲಿಲ್ಲ.

ಡಾಕ್ಟರು ಇನ್ನೂ ಆರು ತಿಂಗಳು ನೋಡೋಣ ಅಂದರು. ಮನೆಗೆ ಬಂದು ಕೂಸಿನೆದುರು ಕೂತೆ, ಕೈ ತಿರುವಿದೆ. ಅವತ್ತು ಕ್ಯಾಲೆಂಡರಿನಲ್ಲಿ ಗೆರೆ ಎಳೆಯುವುದು ಮರೆತುಹೋಯಿತು.