ಅವ್ವ ಕೋಳಿ ಸಾರು ತಿರುವಿದಳು

ಗೆಳೆಯರೇ, ನನಗಿನ್ನೂ ನಂಬಲಾಗುತ್ತಿಲ್ಲ. ಇಂದು ಮಧ್ಯಾಹ್ನ ಕಿಂಗ್ಸ್‌ಬರಿಯ ನಮ್ಮ ಫ್ಲ್ಯಾಟಿನ ಬಾಗಿಲು ತೆಗೆದರೆ, ಒಲೆಯ ಮುಂದೆ ಅವ್ವ. ಬಾಣಂತನಕ್ಕೆಂದು ಧಾರವಾಡದಿಂದ ಈ ಪರದೇಶಕ್ಕೆ ಬಂದವಳು, ಮೊಟ್ಟೆ ಎಂದರೂ ಎದ್ದು ಹೋಗುವವಳು. ಮೂಗಿಗೆ ಸೆರಗು, ಕೈಯಲ್ಲಿ ಸೌಟು, ಪಾತ್ರೆಯಲ್ಲಿ ಕುದಿಯುತ್ತಿರುವ ಕೋಳಿ!

ನನ್ನ ಹೆಂಡತಿ ಮರಿಸೆಲ್ ಫಿಲಿಪೀನ್ಸಿನವಳು, ಹನ್ನೆರಡು ದಿನದ ಬಾಣಂತಿ. ಶುಂಠಿ, ನುಗ್ಗೆಸೊಪ್ಪು ಹಾಕಿದ ಟಿನೋಲಾ ಎಂಬ ಈ ಕೋಳಿ ಸಾರು ಕುಡಿದರೆ ಎದೆಹಾಲು ಹೆಚ್ಚುತ್ತದೆಂದು ಅವಳಮ್ಮ ದಿನವೂ ಮಾಡುತ್ತಾರೆ. ಆಗೆಲ್ಲ ಅವ್ವ ಬೆಡ್‌ರೂಮ್ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

"ಅವ್ವಾ, ಏನ್ ಮಾಡಾಕತ್ತಿ?" ಎಂದು ಚೀರಿದೆ.

"ಬೀಗತಿ ಕೂಸಿಗೆ ನೀರು ಎರ್ಯಾಕ ಹೋಗ್ಯಾರ. ಸಾರು ಉಕ್ಕಿ ಹೋದ್ರ ಹುಡುಗಿ ಏನ್ ಉಣ್ಣಬೇಕು? ಚೂರು ಅಜವಾನನೂ ಹಾಕೀನಿ."

"ಕಾಲೇಜಿನ್ಯಾಗ ನಾ ಒಂದು ಆಮ್ಲೆಟ್ ತಿಂದಿದ್ದಕ್ಕ, ತಲಿ ಮ್ಯಾಲ ನೀರು ಸುರುವಿ ಒಳಗ ಕರಕೊಂಡಿದ್ದಿ!"

ಅವ್ವ ಸೌಟು ನಿಲ್ಲಿಸಲಿಲ್ಲ. "ಅವತ್ತು ನೀ ಹಡದು ಬಂದಿದ್ದೇನು?"

ನಿಮ್ಮಲ್ಲಿ ಹಡೆದ ಗಂಡಸರಿದ್ದರೆ ಕಮೆಂಟಿನಲ್ಲಿ ತಿಳಿಸಿ.