ಗಾಳೆಮ್ಮ ಕೊಟ್ಟ ಬಿಳಿಮಣ್ಣು

ಕುಷ್ಟಗಿ ಕಡೆಯ ನಮ್ಮೂರಿನಲ್ಲಿ ಯಾರು ಬಸುರಿಯಾದರೂ ಮೊದಲು ಸುದ್ದಿ ಮುಟ್ಟುತ್ತಿದ್ದುದು ಗಾಳೆಮ್ಮನಿಗೆ. ಹಳ್ಳದ ದಂಡೆಯ ಬಿಳಿಮಣ್ಣನ್ನು ಅಗೆದು, ಜರಡಿ ಹಿಡಿದು, ಅಂಗೈಯಲ್ಲಿ ಉಂಡೆ ಕಟ್ಟಿ, ಒಲೆಯ ಕೆಂಡದಲ್ಲಿ ಸುಟ್ಟು ಅವಳು ತಂದುಕೊಡುತ್ತಿದ್ದಳು. ಬಯಕೆಯ ಹೆಣ್ಣುಮಕ್ಕಳು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಚೂರುಚೂರೇ ಕಡಿಯುತ್ತಿದ್ದರು. ಗಂಡ ಸತ್ತ ಮೇಲೆ ಕಂಡವರ ಹೊಲದಲ್ಲಿ ಕಳೆ ಕಿತ್ತು ಮಗಳನ್ನು ಬೆಳೆಸಿದವಳು ಅವಳು. ಊರಲ್ಲಿ ಅವಳಿಗಿದ್ದ ಮರ್ಯಾದೆ ಈ ಉಂಡೆಗಳಿಂದ ಬಂದದ್ದು.

ಈ ವರ್ಷ ಮಗಳು ಮಲ್ಲೇಶ್ವರಿ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಅಷ್ಟರಲ್ಲಿ ಹಳ್ಳದ ದಂಡೆ ಹೊಸ ರಸ್ತೆಯ ಕೆಳಗೆ ಹೋಗಿತ್ತು. ಊರಾಚೆಯ ಇಟ್ಟಿಗೆ ಕಾರ್ಖಾನೆಯಲ್ಲಿ ಲಾರಿಯಿಂದ ಬೆಳ್ಳನೆಯ ಪುಡಿ ಇಳಿಯುವುದನ್ನು ಕಂಡ ಗಾಳೆಮ್ಮ ಡ್ರೈವರ್ ರೆಹಮಾನನನ್ನು ಕೇಳಿದಳು.

"ಇದು ಮಣ್ಣೇನು ತಮ್ಮಾ?"

"ಮಣ್ಣ ಐತಿ ಯವ್ವಾ. ಎಣ್ಣಿ ಕಾರ್ಖಾನಿಯಿಂದ ಬರ್ತೈತಿ. ಒಲಿ ಸಾರಸಾಕ ಬೇಕಾದ್ರ ಒಂದು ಬುಟ್ಟಿ ಒಯ್ಯಿ."

ಬುಟ್ಟಿ ತುಂಬ ತಂದ ಆ ಪುಡಿಗೆ ಜರಡಿಯ ಕೆಲಸವೇ ಇರಲಿಲ್ಲ, ಅಷ್ಟು ನುಣುಪು. ಉಂಡೆ ನಿಲ್ಲದೆ ಉದುರಿದಾಗ ಮನೆಯಲ್ಲಿ ಉಳಿದಿದ್ದ ಹಳೆಯ ಮಣ್ಣು ಬೆರೆಸಿದಳು.

"ಈ ಸಲ ಸಪ್ಪಗೈತಿ ಬೇ. ನಿನ್ನ ಕೈಗೆ ವಯಸ್ಸಾತು," ಮಗಳು ಅಣಕಿಸಿದಳು.

"ನಿನ್ನ ನಾಲಿಗಿ ಗಂಡನ ಮನ್ಯಾಗ ಕೆಟ್ಟೈತಿ. ಸುಮ್ಕ ತಿನ್ನು."

ಕೆಲವು ವಾರ ಕಳೆದು ರೆಹಮಾನ ಕುಡಿಯಲು ನೀರು ಕೇಳಿಕೊಂಡು ಅವರ ಬಾಗಿಲಿಗೆ ಬಂದ. ಮಲ್ಲೇಶ್ವರಿಯ ತುಟಿಗೆ ಅಂಟಿದ್ದ ಪುಡಿ ಕಂಡದ್ದೇ, ಬಾಯಿಗೆತ್ತಿದ್ದ ತಂಬಿಗೆ ಅಲ್ಲೇ ನಿಂತಿತು.

"ಆ ಮಣ್ಣು ತಿನ್ನಾಕತ್ತಾಳೇನು?"

"ಬಸರಿ ಹೆಂಗಸು ತಿನ್ನದ ನೀ ತಿಂತೀಯೇನೋ?" ಗಾಳೆಮ್ಮ ನಕ್ಕಳು.

ಅವನು ನಗಲಿಲ್ಲ. "ಅದು ಬಳಸಿ ಬಿಟ್ಟ ಮಣ್ಣು ಯವ್ವಾ. ಕಚ್ಚಾ ಎಣ್ಣಿ ಒಡದು ಪೆಟ್ರೋಲ್ ಮಾಡಾಕ ಈ ಮಣ್ಣಿಗೆ ಔಷಧ ಕೂಡಿಸಿರ್ತಾರ. ಕಸುವು ಹೋದ ಮ್ಯಾಲೆ ಇಟ್ಟಂಗಿಗೆ ಕಳಸ್ತಾರ. ಎಣ್ಣ್ಯಾಗಿನ ಲೋಹದ ವಿಷ ಅದರಾಗ ಕುಂತಿರ್ತೈತಿ. ನಾವು ಮೂಗು ಕಟಗೊಂಡು ಇಳಸ್ತೀವಿ." ತಂಬಿಗೆ ಕೆಳಗಿಟ್ಟು, "ಒಯ್ಯಿ ಅಂದಾಂವ ನಾನ," ಎಂದ.

ಗಾಳೆಮ್ಮ ಮಗಳ ಬಾಯಿಗೆ ಬೆರಳು ಹಾಕಿ ಚೂರನ್ನು ಹೊರತೆಗೆದಳು. ಬಾಯಿ ತೊಳೆಸಿದಳು, ಮತ್ತೆ ತೊಳೆಸಿದಳು.

ರೆಹಮಾನ ಅದೇ ಲಾರಿಯಲ್ಲಿ ಇಬ್ಬರನ್ನೂ ಕೊಪ್ಪಳದ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಇಟ್ಟು ಕೂಸಿನ ಎದೆಬಡಿತ ಕೇಳಿಸಿದರು.

"ಸದ್ಯಕ್ಕ ಕೂಸು ಛಲೋ ಐತ್ರಿ. ರಕ್ತ ಪರೀಕ್ಷಾಕ್ಕ ಕಳಸ್ತೀವಿ. ಮುಂದಿಂದು ಈಗ ಹೇಳಾಕ ಬರೂದಿಲ್ಲ." ಆಮೇಲೆ ಕೇಳಿದರು, "ಮತ್ತ ಯಾರಿಗೆ ಕೊಟ್ಟೀರಿ?"

ಮಗಳ ಹೊಟ್ಟೆಯೊಂದನ್ನೇ ನೋಡುತ್ತಿದ್ದ ಗಾಳೆಮ್ಮನಿಗೆ ಅದೇ ಉಂಡೆ ಒಯ್ದ ಊರಿನ ಬೇರೆ ಬಸುರಿಯರು ಆವರೆಗೆ ನೆನಪಾಗಿರಲಿಲ್ಲ.

ಮಗಳನ್ನು ಆಸ್ಪತ್ರೆಯಲ್ಲೇ ಬಿಟ್ಟು, ಅದೇ ಲಾರಿ ಹತ್ತಿ ಊರಿಗೆ ಬಂದಳು. ಮೊದಲು ಹೋದದ್ದು ತುಂಬು ಬಸುರಿ ಶಾಯಿಸ್ತಾಳ ಮನೆಗೆ; ಅವಳು ಬಾಗಿಲಲ್ಲೇ ಕೈ ಚಾಚಿದಳು.

"ಮತ್ತ ತಂದೀರೇನವ್ವಾ? ಮೊನ್ನಿದು ಮುಗದೈತಿ."

ಗಾಳೆಮ್ಮ ಆ ಕೈಯನ್ನು ಹಿಡಿದುಕೊಂಡಳು. "ನಾ ಕೊಟ್ಟಿದ್ದು ಒಳ್ಳೇದಲ್ಲವ್ವಾ. ವಿಷ ಐತಂತ. ನಿಮ್ಮ ಅತ್ತಿನ್ನ ಕರಿ. ಲಾರಿ ನಿಂತೈತಿ, ದವಾಖಾನಿಗೆ ಹೋಗೂನು."