ನೀರುಗಿಡದ ಊಟದ ಸಪ್ಪಳ

ಗಿಡ ಉಣ್ಣುವ ಸಪ್ಪಳ ಮನುಷ್ಯರಿಗೆ ಕೇಳಿಸುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಬೈಲಹೊಂಗಲದ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದವಳು. ಈಗ ನಗುವುದಿಲ್ಲ. ಹಾಗಾದರೆ ನಂಬುತ್ತೀರೇನು ಎಂದು ಕೇಳಿದರೆ, ಅದನ್ನೂ ಹೇಳಲಾರೆ.

ಆರು ವರ್ಷಗಳ ಹಿಂದೆ ಸಂಪಗಾಂವದ ಗಂಗಕ್ಕನವರ ಹಿತ್ತಲಿಗೆ ಒಂದು ನೀರುಗಿಡ ನೋಡಲು ಹೋಗಿದ್ದೆ. ಎಪ್ಪತ್ತರ ಹತ್ತಿರದ ಹೆಂಗಸು, ಎರಡೂ ಕಣ್ಣು ಕಾಣವು. ದನಗಳಿಗೆ ನೀರು ಕುಡಿಸುತ್ತಿದ್ದ ಮೂರು ಕಲ್ಲಿನ ದೋಣಿಗಳಲ್ಲಿ ಮಳೆನೀರು ತುಂಬಿ ಯುಟ್ರಿಕ್ಯುಲೇರಿಯ ಬೆಳೆಸಿದ್ದರು. ಬೇರಿಲ್ಲದೆ ತೇಲುವ ಗಿಡ ಅದು. ಎಳ್ಳುಕಾಳಿನಷ್ಟು ಸಣ್ಣ ಚೀಲಗಳಿಂದ ನೀರಿನ ಹುಳಗಳನ್ನು ಹೀರಿ ತಿನ್ನುತ್ತದೆ. ಊರ ಹೊರಗಿನ ಹೊಂಡಕ್ಕೆ ಮಣ್ಣು ತುಂಬಿ ಮುಚ್ಚುವ ಮುನ್ನಾದಿನ, ಸೊಸೆಯ ಕೈ ಹಿಡಿದು ಹೋಗಿ ಒಂದು ಕೊಡದಷ್ಟು ಉಳಿಸಿಕೊಂಡು ಬಂದಿದ್ದರಂತೆ. ಸುತ್ತಮುತ್ತ ಮತ್ತೆಲ್ಲೂ ನನಗೆ ಅದು ಸಿಕ್ಕಿರಲಿಲ್ಲ. ನಾನು ಮನೆಯಲ್ಲಿ ಎರಡು ಸಲ ಬೆಳೆಸಲು ಹೋಗಿ ಕೊಳೆಸಿದ್ದೆ. ಅವರ ದೋಣಿಗಳಲ್ಲಿ ಹಳದಿ ಹೂ ಎದ್ದು ನಿಂತಿದ್ದವು.

ಚಹಾ ಕುಡಿಯುತ್ತಿದ್ದ ಗಂಗಕ್ಕ ತಟ್ಟನೆ ಬಸಿ ಕೆಳಗಿಟ್ಟರು.

"ಬಾಯಾರ, ಕಡೀ ದೋಣ್ಯಾಗ ಸಪ್ಪಳ ನಿಂತೈತ್ರಿ. ಅವು ಉಣ್ಣವಲ್ವು. ಲಗೂನ ತಗದು ಬಕೀಟಿಗೆ ಹಾಕ್ರಿ."

"ಹಸರಾಗೇ ಅದಾವಲ್ರೀ, ಅಕ್ಕಾರ," ಎಂದೆ.

"ಇವತ್ತ ಅದಾವ್ರಿ. ನಾಳೆ ಇರೂದಿಲ್ಲ."

ಮಳೆನೀರಿನ ಬಕೆಟ್ಟಿಗೆ ಗಿಡಗಳನ್ನು ಸಾಗಿಸಿದೆ. ಆದರೆ ಪರೀಕ್ಷೆಗೆಂದು, ಅವರಿಗೆ ಹೇಳದೆ, ಒಂದು ಹಿಡಿಯನ್ನು ಅದೇ ದೋಣಿಯಲ್ಲಿ ಬಿಟ್ಟೆ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಆ ಹಿಡಿ ಕಂದು ಲೋಳೆಯಾಗಿತ್ತು. ಬಕೆಟ್ಟಿನವು ನಳನಳಿಸುತ್ತಿದ್ದವು. ಆ ದೋಣಿಯ ನೀರನ್ನು ಕಾಲೇಜಿಗೆ ಒಯ್ದು ಪರೀಕ್ಷಿಸಿದೆ. ಉಳಿದೆರಡು ದೋಣಿಗಳ ನೀರಿಗೂ ಅದಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ.

ಸಂಜೆ ಹೋಗಿ ತಪ್ಪು ಒಪ್ಪಿಕೊಂಡೆ. ಗಂಗಕ್ಕ ಬೈಯಲಿಲ್ಲ. ನನ್ನ ತಲೆ ಹಿಡಿದು ಮೊದಲ ದೋಣಿಯ ಅಂಚಿಗೆ ಕಿವಿ ಹಚ್ಚಿಸಿದರು. ತಣ್ಣನೆಯ ಕಲ್ಲು, ಅಷ್ಟೇ.

"ಏನೂ ಕೇಳವಲ್ದ್ರಿ," ಎಂದೆ.

"ಬಲಕ್ಕ, ಸಣ್ಣ ಹೂವಿನ ಬುಡಕ್ಕ ನೋಡ್ರಿ. ಈಗ ಒಂದ ಹಿಡೀತು."

ಭೂತಗನ್ನಡಿ ಹಿಡಿದೆ. ಅಲ್ಲೇ ಒಂದು ಚೀಲದಲ್ಲಿ ಸೊಳ್ಳೆಮರಿಯೊಂದು ಅರ್ಧ ಒಳಗೆ ಹೋಗಿ, ಹೊರಗುಳಿದ ಬಾಲವನ್ನು ಇನ್ನೂ ಬಡಿಯುತ್ತಿತ್ತು.

ಆ ಚೀಲ ಹುಳವನ್ನು ಹೀರಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡವೆಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅದರ ಸಪ್ಪಳ ಹೇಗಿರುತ್ತದೆ ಎಂದು ಯಾವ ವಿದ್ಯಾರ್ಥಿಯೂ ಕೇಳಿಲ್ಲ.